ಕರಾಚಿಯಿಂದ ಬಂದ ಪೆಟ್ಟಿಗೆ

"ಇದನ್ನ ಯಾರೂ ಬಿಚ್ಚಿಲ್ಲ, ಹೌದಿಲ್ರಿ?" ಎಂದು ಅಣವೀರಪ್ಪನವರು ಮತ್ತೆ ಕೇಳಿದರು.

ಬಿಚ್ಚುವುದಿರಲಿ, ಆ ಕರಿ ತಗಡಿನ ಪೆಟ್ಟಿಗೆಯ ಹತ್ತಿರ ಸುಳಿಯಲಿಕ್ಕೂ ಮನೆಯಲ್ಲಿ ಯಾರಿಗೂ ಎದೆಯಿರಲಿಲ್ಲ. ಕಮಲಾಪುರದ ಖಂಡೆಪ್ಪನವರ ಪಡಸಾಲೆಯ ನಡುವೆ ಅದನ್ನು ಇಟ್ಟಿದ್ದರು. ಬೀಗರು, ನೆಂಟರು ಗೋಡೆಗೆ ಒರಗಿ ಕುಳಿತಿದ್ದರು. ಖಂಡೆಪ್ಪನವರು ಹತ್ತಿದ್ದ ವಿಲಾಯತಿ ವಿಮಾನ ಕರಾಚಿ ಬಿಟ್ಟ ಮೇಲೆ ಸಮುದ್ರಕ್ಕೆ ಬಿದ್ದಿದೆ, ಕೆಲವರ ಹೆಣ ಸಿಕ್ಕಿವೆ, ಉಳಿದವರ ಸುಳಿವಿಲ್ಲ ಎಂದು ತಂತಿ ಬಂದು ವಾರ ಕಳೆದಿತ್ತು. ಭಾರ ಹೆಚ್ಚಾಯಿತೆಂದು ವಿಮಾನದವರು ಅಲ್ಲಿನ ಹೋಟೆಲಿನಲ್ಲೇ ಬಿಡಿಸಿದ್ದ ಪೆಟ್ಟಿಗೆ ಈಗ ರೈಲಿನಲ್ಲಿ ಊರಿಗೆ ಬಂದಿತ್ತು.

ಖಂಡೆಪ್ಪನವರ ಹೆಂಡತಿ ಸೂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈತುಂಬ ಹಸಿರು ಬಳೆ ಇನ್ನೂ ಇದ್ದವು. ಸೋಮವಾರ ಮಠದ ಸ್ವಾಮಿಗಳು ಬರುತ್ತಾರೆ, ಅವರ ಎದುರಿಗೇ ಬಳೆ ಒಡೆಸಿ ತಾಳಿ ತೆಗೆಸುವುದೆಂದು ಮೈದುನ ದೌಲಪ್ಪ ಗೊತ್ತು ಮಾಡಿದ್ದ.

ಹೆಣ ಕಾಣದೆ ಬಳೆಗೆ ಕೈ ಹಚ್ಚಬೇಡಿ ಎಂದು ಅಡ್ಡ ಬಂದವಳು ಒಬ್ಬಳೇ, ನನ್ನ ಅಕ್ಕ ಪಾರ್ವತೀಬಾಯಿ. ಪಕ್ಕದ ಮನೆಯವಳು. ಗುಡಿಯ ಪೂಜೆ ಮಾಡುವ ಭಾವ ಹಣಮಂತರಾಯರು ಮಾಘವಾರಿಯ ಯಾತ್ರೆಗೆ ಪಂಢರಪುರಕ್ಕೆ ಹೋಗಿದ್ದರು. ಅಲ್ಲಿಂದ ಹಾಗೇ ಕಾಶಿಗೂ ಹೋಗಿಬರುವವರಿದ್ದರು. ಒಬ್ಬಳೇ ಮನೆಯಲ್ಲಿ ಕೂತು ಏನು ಮಾಡುತ್ತಾಳೆ? ಹಗಲೆಲ್ಲ ಸೂಗಮ್ಮನವರ ಜೊತೆಗೇ ಇದ್ದಳು. ಕಲಬುರಗಿಗೆ ಹೇಳಿಕಳಿಸಿ, ನನ್ನ ಕಡೆಯಿಂದ ಅಣವೀರಪ್ಪನವರನ್ನು ಕರೆಸಿದವಳೂ ಅವಳೇ.

ಅಣವೀರಪ್ಪನವರು ನಿಜಾಮ ಸರ್ಕಾರದ ಪೊಲೀಸ್ ಅಮೀನಗಿರಿ ಬಿಟ್ಟು ಕಾಲವಾಗಿತ್ತು, ಅಮೀನರ ಗುಣ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ನಾನು, ಬಂಡು, ವಕೀಲರೊಬ್ಬರ ಗುಮಾಸ್ತ. ಇಂಥ ಕೆಲಸ ಬಂದಾಗ ಅವರ ಬೆನ್ನು ಹತ್ತುವುದು ನನ್ನ ಹಣೆಬರಹ. ಅವರು ಒಂದು ಪೆಟ್ಟಿಗೆ ನೋಡುವಷ್ಟರಲ್ಲಿ ಬೇರೆಯವರು ಒಂದು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಬಹುದು. ಅಷ್ಟು ನಿಧಾನ. ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಅಂಗಿ, ಧೋತರ, ಉಣ್ಣೆಯ ಕೋಟು ಒಂದೊಂದಾಗಿ ಹೊರಗೆ ಬಂದವು. ಆಮೇಲೆ ಖಡಕ್ ರೊಟ್ಟಿಯ ಗಂಟಿನ ಬಟ್ಟೆ. ಅದರಲ್ಲಿ ರೊಟ್ಟಿಯ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಶೇಂಗಾ ಹಿಂಡಿಯ ಡಬ್ಬಿ ಬೆರಳಿನಿಂದ ಬಳಿದು ತಿಂದಷ್ಟು ಸ್ವಚ್ಛವಾಗಿತ್ತು. ಅದನ್ನು ಕಂಡು ಸೂಗಮ್ಮನವರಿಗೆ ತಡೆಯಲಾಗಲಿಲ್ಲ. ಕಡೇ ತುತ್ತಾದರೂ ನನ್ನ ಕೈಯದೇ ಉಂಡರಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅಕ್ಕ ಅವರ ಬೆನ್ನ ಮೇಲೆ ಕೈಯಿಟ್ಟಳು.

ಪೆಟ್ಟಿಗೆಯ ತಳದಲ್ಲಿ ಒಂದು ಕೆಂಪು ವಸ್ತ್ರದ ಗಂಟಿತ್ತು. ಅಣವೀರಪ್ಪನವರು ಅದನ್ನು ಬಿಚ್ಚಿದರು. ವಿಭೂತಿ ಗಟ್ಟಿ. ಅದನ್ನು ಬೆಳಕಿಗೆ ಹಿಡಿದು ನಾಲ್ಕೂ ಮೂಲೆಗೆ ಬೆರಳಾಡಿಸಿದರು. ನನಗೆ ಅದರಲ್ಲಿ ನೋಡುವಂಥದ್ದೇನೂ ಕಾಣಲಿಲ್ಲ. ಲಿಂಗಾಯತರ ಪೆಟ್ಟಿಗೆಯಲ್ಲಿ ವಿಭೂತಿ ಇರದೆ ಪಂಢರಪುರದ ಬುಕ್ಕಿಟ್ಟು ಇರುತ್ತದೆಯೇ?

"ತಂಗಿ, ಇದು ಹೊಸಾದೇನು?"

ಹೊರಡುವ ದಿನವೇ ಮಠದಿಂದ ತರಿಸಿದ್ದೆಂದು ಸೂಗಮ್ಮ ಹೇಳಿದರು. ಹಳೆಯದು ದೇವರ ಗೂಡಿನಲ್ಲೇ ಇತ್ತು. ಬೇರೆ ವಿಭೂತಿ ಅವರ ಹತ್ತಿರ ಇರಲಿಲ್ಲವೆಂದು ಆಣೆ ಮಾಡಿ ಹೇಳಬಲ್ಲರು, ಪೆಟ್ಟಿಗೆ ಕಟ್ಟಿದವರು ಅವರೇ.

"ಖಂಡೆಪ್ಪನವರು ಲಿಂಗಪೂಜಿ ಬಿಟ್ಟು ಉಂಡದ್ದುಂಟೇನು?"

"ಜ್ವರ ಬಂದು ಮಲಗಿದಾಗೂ ಬಿಟ್ಟಿಲ್ರಿ. ಪೂಜಿ ಆಗದ ಬಾಯಾಗ ನೀರ ಸೈತ ಹಾಕಂಗಿಲ್ಲ."

ಅಣವೀರಪ್ಪನವರು ಗಟ್ಟಿಯನ್ನು ಪಡಸಾಲೆಯ ಮಂದಿಗೆಲ್ಲ ಕಾಣುವಂತೆ ಅಂಗೈ ಮೇಲಿಟ್ಟರು. ನಾಲ್ಕೂ ಮೂಲೆ ಅಚ್ಚಿನಿಂದ ಈಗ ತೆಗೆದಷ್ಟು ಚೂಪಾಗಿದ್ದವು. ಒಂದು ಸಲವೂ ಹಣೆಗೆ, ತೋಳಿಗೆ ತೇಯ್ದ ಗುರುತಿಲ್ಲ.

"ರೊಟ್ಟಿ ತೀರ್ಯಾವ, ಹಿಂಡಿ ತೀರ್ಯದ, ವಿಭೂತಿ ಸವದಿಲ್ಲ. ಮ್ಯಾಲ ವಿಮಾನಕ್ಕ ಹೋಗೂವಾಗ ಇದನ್ನ ಪೆಟಿಗ್ಯಾಗ ಬಿಟ್ಟು ಹೋಗ್ಯಾರ. ಕರಾಚಿಯೊಳಗ ಈ ರೊಟ್ಟಿ ಉಂಡಂವ ಖಂಡೆಪ್ಪ ಅಲ್ಲ. ಬಳಿ ಒಡಿಬ್ಯಾಡ್ರಿ."

ಸೂಗಮ್ಮ ನಿಂತಲ್ಲೇ ಕೂತರು. ಈ ಸಲ ಅತ್ತದ್ದು ಬೇರೆ ಅಳು. ಅಕ್ಕ ಅವರನ್ನು ತಬ್ಬಿಕೊಂಡು, ನಾ ಹೇಳಿರಲಿಲ್ಲವೇ ಎಂದು ತಾನೂ ಅತ್ತಳು. ನನ್ನ ಎದೆಯ ಮೇಲಿದ್ದ ಒರಳುಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು, ಸುಳ್ಳೇಕೆ ಹೇಳಲಿ.

ದೌಲಪ್ಪನಿಗೆ ಮಾತ್ರ ಮಾತು ಹಿಡಿಸಲಿಲ್ಲ. ಪಾಸ್‌ಪೋರ್ಟಿನ ಮೇಲೆ ಅಣ್ಣನ ಫೋಟೋ ಇತ್ತಲ್ಲ, ಬೇರೆಯವನು ಹೇಗೆ ಹೋದಾನು ಎಂದ. ಫೋಟೋದಲ್ಲಿ ದೊಡ್ಡ ರುಮಾಲು, ದೊಡ್ಡ ಮೀಸೆ ಬಿಟ್ಟರೆ ಕಾಣುವುದು ಮೂಗು, ಅಂಥ ಮೂಗು ನಮ್ಮ ಸೀಮೆಯಲ್ಲಿ ಮನೆಗೊಂದು ಸಿಗುತ್ತದೆ ಎಂದರು ಅಣವೀರಪ್ಪನವರು. ಆಮೇಲೆ ಮೆಲ್ಲಗೆ, ಅಣ್ಣನನ್ನು ರೈಲು ಹತ್ತಿಸಿದವನು ನೀನೊಬ್ಬನೇ ಅಲ್ಲವೇನಪ್ಪಾ ಎಂದು ಕೇಳಿದರು.

ದೌಲಪ್ಪನ ಮುಖ ಕೆಂಪಾಯಿತು. ವರ್ತಕರೆಲ್ಲ ಹಾರ ಹಾಕಿದ್ದರು, ಬ್ಯಾಂಡು ಬಾರಿಸಿದ್ದರು, ಇಡೀ ಕಲಬುರಗಿ ಸ್ಟೇಶನ್ನೇ ನೋಡಿದೆ ಎಂದ. ರೈಲು ಕದಲುವ ತನಕ ನಿಂತಿದ್ದೆ ಎಂದ. ಹಾಗಾದರೆ ಬಳೆ ಒಡೆಸಲು ಅಷ್ಟು ಅವಸರವೇಕೆ ಎಂಬ ಪ್ರಶ್ನೆಗೆ ಅವನು ನೆಲ ನೋಡಿದ. ದಿನಾ ಬೆಳಗಾದರೆ ಅತ್ತಿಗೆ ಬಾಗಿಲಿಗೆ ಬಂದು ಹಾದಿ ನೋಡುವುದನ್ನು ನೋಡಲಾರೆ, ಒಮ್ಮೆ ಮುಗಿದುಹೋಗಲಿ ಎನ್ನಿಸಿತು ಎಂದ. ನನಗೆ ಅರ್ಧ ನಂಬಿಕೆ ಬಂತು. ಅಣವೀರಪ್ಪನವರಿಗೆ ಎಷ್ಟು ಬಂತೋ, ಅವರು ಹೇಳುವವರಲ್ಲ.

ಹೊರಗೆ ಕಟ್ಟೆಯ ಮೇಲೆ ಕೂತು, ಹಾಗಾದರೆ ಹೋದವನು ಯಾರಿರಬಹುದೆಂದು ನಾನು ತರ್ಕ ಹಚ್ಚಿದೆ. ಪೂಜೆ ಮಾಡದ್ದರಿಂದ ಲಿಂಗಾಯತನಲ್ಲ. ಲಿಂಗಾಯತರ ಮನೆಯ ರೊಟ್ಟಿ ಉಂಡದ್ದರಿಂದ ನಮ್ಮವರಂತೂ ಅಲ್ಲವೇ ಅಲ್ಲ, ವೈಷ್ಣವ ಬ್ರಾಹ್ಮಣ ಸತ್ತರೂ ಪರರ ಅಟ್ಟದ್ದು ಮುಟ್ಟುವುದಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

"ಊರು ದಾಟಿದ ಮ್ಯಾಲ ಯಾರು ಏನ್ ತಿಂತಾರ, ಯಾರು ನೋಡ್ಯಾರ ಬಂಡು?" ಎಂದರು ಅಣವೀರಪ್ಪನವರು.

ನಾನು ಹೊರಗೆ ಉಣ್ಣುವುದನ್ನೇ ಚುಚ್ಚಿ ಹೇಳಿದರೆಂದು ಮುಖ ಗಂಟಿಕ್ಕಿಕೊಂಡೆ.

ಅಷ್ಟರಲ್ಲಿ ಬುರ್ಖಾದ ಮುಸುಕು ಮೇಲೆತ್ತಿಕೊಂಡು ಒಬ್ಬ ಹೆಂಗಸು ಅಂಗಳಕ್ಕೆ ಬಂದಳು. ಮುನೀರಾ ಎಂದು ಹೆಸರು, ಕಲಬುರಗಿಯ ಮೋಟಾರಿನಲ್ಲಿ ಬಂದಿದ್ದಳು. ಈ ಮನೆಯವರ ಬಾಳೆತೋಟದ ಕೆಂಪು ಬಾಳೆ ಬೇಕು, ಹಣ್ಣಲ್ಲ, ಬಣ್ಣ ತಿರುಗಿದ ಕಾಯಿಯೇ ಬೇಕು, ಹಜ್ಜಿಗೆ ಹೊರಟಿದ್ದೇವೆ ಎಂದಳು.

ಈ ಕೋರಿಕೆ ಆ ಮನೆಗೆ ಹೊಸದಲ್ಲ. ಖಂಡೆಪ್ಪನವರ ವಿಷಯ ಇಲ್ಲಿ ಹೇಳಬೇಕು. ಅವರು ವಾಡಿ ಜಂಕ್ಷನ್ನಿನ ಆಚೆ ಕಾಲಿಟ್ಟವರಲ್ಲ, ಆದರೆ ದೇಶ ಬಿಟ್ಟು ಹೋಗುವವರೆಲ್ಲ ಮೊದಲು ಅವರ ಕಟ್ಟೆಗೆ ಬರುತ್ತಿದ್ದರು. ಹೋಗಿಬಂದವರನ್ನೆಲ್ಲ ಹಿಡಿದು ಕೂಡಿಸಿಕೊಂಡು ಕೇಳಿ ಕೇಳಿ, ಜೆಡ್ಡಾ, ಬಸ್ರಾ, ಲಂಡನ್ನು ಅವರಿಗೆ ಅಂಗೈ ಗೆರೆಯಾಗಿದ್ದವು. ಹಡಗಿನಲ್ಲಿ ಎಂಜಿನ್ನಿನ ಮಗ್ಗುಲಲ್ಲಿ ಹಾಸಬೇಡಿ. ವಿಮಾನದಲ್ಲಿ ಕಿವಿಗೆ ಎಣ್ಣೆಯರಳೆ ಇಟ್ಟುಕೊಂಡು ರೆಕ್ಕೆಯ ಹಿಂದೆ ಕೂಡಿ. ವಿಲಾಯತಿ ಹೋಟೆಲಿನವರು ಬಾಗಿಲಾಚೆ ಬಿಟ್ಟ ಬೂಟು ಎತ್ತಿಕೊಂಡು ಹೋದರೆ ಕೂಗಾಡಬೇಡಿ, ಉಜ್ಜಿ ತಂದಿಡುತ್ತಾರೆ. ಎಲ್ಲಕ್ಕಿಂತ ಮೇಲಾಗಿ, ಹಡಗು ತೂಗಿದಾಗ ಹೊಟ್ಟೆ ತೊಳಸದಿರಲು ಕಮಲಾಪುರದ ಕೆಂಪು ಬಾಳೆ, ಬಣ್ಣ ತಿರುಗಿದ ಕಾಯಿ, ಜೋಳದ ಸೊಪ್ಪೆಯಲ್ಲಿ ಸುತ್ತಿದ್ದು. ಇಷ್ಟೆಲ್ಲ ಬಲ್ಲವರೆಂದೇ ವರ್ತಕರ ಸಂಘ, ಬೇಳೆ ಒಡೆಯುವ ಹೊಸ ಯಂತ್ರ ನೋಡಿಬರಲು ಅವರನ್ನು ವಿಲಾಯತಿಗೆ ಆರಿಸಿ ಕಳಿಸಿದ್ದು.

ದೌಲಪ್ಪ ನಿಟ್ಟುಸಿರುಬಿಟ್ಟು, ಅದನ್ನು ಹೇಳಿದ ಮಹಾನುಭಾವರೇ ಈಗ ಇಲ್ಲವಮ್ಮ ಎಂದ.

"ಇಲ್ಲ ಅಂದ್ರ ಹೆಂಗ?" ಎಂದಳು ಮುನೀರಾ. "ನಿನ್ನಿ ತಾನ ಹೇಳ್ಯಾರಲ್ಲ. ಕಿಲ್ಲೇದಾಗ, ಇಕ್ಬಾಲ್ ಬೇಗಂ ಅವರ ಮನ್ಯಾಗ."

ಅಣವೀರಪ್ಪನವರು ಕಟ್ಟೆಯಿಂದ ಎದ್ದರು. ಅವರು ಅಷ್ಟು ಬೇಗ ಎದ್ದದ್ದನ್ನು ನಾನು ಮೊದಲ ಸಲ ನೋಡಿದೆ.

ಸಂಜೆಗೆ ಮುಂಚೆ ಹೊರಡುವ ಸರ್ಕಾರಿ ಮೋಟಾರಿನಲ್ಲಿ ನಾವು ಕಲಬುರಗಿಗೆ ಹೊರಟೆವು. ದೌಲಪ್ಪನನ್ನು ಮನೆಯಲ್ಲೇ ಬಿಟ್ಟೆವು. ಸ್ವಾಮಿಗಳು ಬಂದರೆ ಪ್ರಸಾದ ಮಾಡಿಸಿ ಕಳಿಸು, ಬೇರೆ ಮಾತೆತ್ತಬೇಡ ಎಂದು ಹೇಳಿದ್ದಾಯಿತು. ಸೂಗಮ್ಮನವರನ್ನು ಬೇಡವೆಂದರೂ ಕೇಳಲಿಲ್ಲ. ಅವರ ಜೊತೆಗೆ ಅಕ್ಕನೂ ಬಂದಳು. ದಾರಿಯುದ್ದಕ್ಕೂ ಬಿಳಿಜೋಳ ತೆನೆ ತುಂಬಿ ನಿಂತಿತ್ತು. ವಾರದಿಂದ ತಾವಾಗಿ ಬಾಯಿ ಬಿಡದಿದ್ದ ಸೂಗಮ್ಮ ಈ ಸಲ ಜೋಳ ಚೆನ್ನಾಗಿದೆಯಲ್ಲ ಪಾರ್ವತೀಬಾಯಿ ಎಂದರು. ಅಷ್ಟಕ್ಕೇ ಅಕ್ಕನ ಕಣ್ಣು ತುಂಬಿದವು.

ಕೋಟೆಯೊಳಗೆ, ಜಾಮಿಯಾ ಮಸೀದಿಯ ಹಿಂದಿನ ಓಣಿಯಲ್ಲಿ ಇಕ್ಬಾಲ್ ಬೇಗಮ್ಮರ ಮನೆ. ದರ್ಗಾಕ್ಕೆ ಬರುವ ಮುಸಾಫಿರರಿಗೆ ಅವರು ಬಾಡಿಗೆಗೆ ಖೋಲಿ ಕೊಡುತ್ತಿದ್ದರು. ನಾವು ಯಾರನ್ನು ಹುಡುಕುತ್ತಿದ್ದೇವೆಂದು ಹೇಳುವುದೇ ತಡ, ಮುದುಕಿ ಹಣೆಗೆ ಕೈ ಹಚ್ಚಿಕೊಂಡರು. ಶರಣಸಿರಸಗಿಯ ಗುರುಲಿಂಗಪ್ಪ ಎಂದು ಹೇಳಿ ಮೇಲಿನ ಖೋಲಿ ಹಿಡಿದಿದ್ದಾನಂತೆ, ತಾನೇ ಬೇಯಿಸಿಕೊಳ್ಳುತ್ತಾನಂತೆ.

"ನಮ್ಮ ಮನಿ ನೀರ್ ಕುಡಿಯಂಗಿಲ್ಲ, ನಮ್ಮ ತಲಿ ಮಾತ್ರ ತಿಂತಾನ. ಬಂದ ಮೆಹಮಾನ್‌ಗೊಳಿಗೆಲ್ಲಾ ಜೆಡ್ಡಾದ ಹಾದಿ ಹೇಳ್ಕೋತ ಕೂಡ್ತಾನ."

ಹೆಂಗಸರನ್ನು ಅಂಗಳದಲ್ಲಿ ನಿಲ್ಲಿಸಿ ನಾವಿಬ್ಬರೂ ಮೆಟ್ಟಿಲು ಹತ್ತಿದೆವು. ಅರ್ಧಕ್ಕೇ ದನಿ ಕೇಳಿಸಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ ಇರಬೇಕು. ಖೋಲಿಯಲ್ಲಿ ಇಬ್ಬರು ಹಜ್ ಯಾತ್ರಿಕರು ಚಾಪೆಯ ಮೇಲೆ ಕೂತಿದ್ದರು. ಕಿಟಕಿಯ ಕಡೆ ಮುಖಮಾಡಿ, ಹಣೆ ತುಂಬ ಮೂರು ಬೆರಳು ವಿಭೂತಿ ಧರಿಸಿದ ದಪ್ಪನೆಯ ಮನುಷ್ಯ, ಮುಂಬಯಿ ಬಂದರಿನಲ್ಲಿ ಯಾವ ಹಮಾಲನನ್ನು ನಂಬಬಾರದೆಂದು ವಿವರಿಸುತ್ತಿದ್ದ.

ಅಣವೀರಪ್ಪನವರು ಸದ್ದಿಲ್ಲದೆ ಚಾಪೆಯ ತುದಿಗೆ ಕೂತರು.

"ಕರಾಚಿ ಹೋಟೆಲಿನ್ಯಾಗ ಯಾವ ಖೋಲಿ ಹಿಡದ್ರ ಛಲೋ ರೀ?"

"ಅಡಗಿಮನಿ ಮ್ಯಾಲಿಂದ ಹಿಡೀರಿ," ಎಂದರು ಖಂಡೆಪ್ಪ, ತಿರುಗದೆಯೇ. "ಥಂಡಿ ಹತ್ತಂಗಿಲ್ಲ, ಬಿಸಿನೀರು ಲಗೂ ಸಿಗ್ತದ. ಮತ್ತ..."

ತಿರುಗಿದವರಿಗೆ ನನ್ನ ಮುಖ ಕಂಡಿತು. ಯಾತ್ರಿಕರು ಪರಿಸ್ಥಿತಿ ಅರಿತು ಮೆಲ್ಲಗೆ ಜಾರಿಕೊಂಡರು.

ಮೆಟ್ಟಿಲ ಮೇಲೆ ಬಳೆಗಳ ಸದ್ದಾಯಿತು. ಸೂಗಮ್ಮನವರು ಗಂಡನ ದನಿ ಕೇಳಿ ತಡೆಯದೆ ಹತ್ತಿಬಂದಿದ್ದರು. ಬಾಗಿಲಲ್ಲಿ ನಿಂತು ಅವರನ್ನು ನೋಡಿದರು. ಹತ್ತಿರ ಬಂದು ತೋಳು ಮುಟ್ಟಿದರು, ಕೆನ್ನೆ ಮುಟ್ಟಿದರು. ಬಿಸಿಯಿರುವುದು ಖಾತ್ರಿಯಾದ ಮೇಲೆ ಮಾತು ಬಂತು.

"ಊರ ಮಂದಿಗೆಲ್ಲಾ ಹಾದಿ ಹೇಳ್ತಿದ್ರಿ. ಮನಿ ಹಾದಿ ಮರತ್ರೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಅಣವೀರಪ್ಪನವರೂ ಮೀಸೆಯಡಿಯಲ್ಲಿ ನಕ್ಕರು. ಆ ಗಳಿಗೆಯಲ್ಲಿ ಆ ಮನುಷ್ಯನ ಮೇಲೆ ಯಾರಿಗೂ ಸಿಟ್ಟು ಬರುವಂತಿರಲಿಲ್ಲ. ಬದುಕಿದ್ದರಲ್ಲ, ಅಷ್ಟು ಸಾಕಿತ್ತು.

ಖಂಡೆಪ್ಪ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದರು. ಊರವರಿಗೆ ಹಾದಿ ಹೇಳುವುದೇನೋ ಸುಲಭ, ಸಂಘದವರು ತನ್ನನ್ನೇ ಆರಿಸಿದಾಗ ಅಂಜಿಕೆ ಹೊಕ್ಕಿತಂತೆ. ಭೂಮಿ ಬಿಟ್ಟು ಮೇಲೆ ಹೋಗುವುದನ್ನು ನೆನೆಸಿದರೆ ರಾತ್ರಿ ನಿದ್ದೆ ಹಾರುತ್ತಿತ್ತಂತೆ. ಒಲ್ಲೆನೆಂದರೆ ಮುಖ ತೋರಿಸುವುದು ಹೇಗೆ? ಹೋಗಬೇಕೆಂಬ ಆಸೆಯಿದ್ದೂ ಹೋಗಲಾರದ ಒಬ್ಬ ಗೆಳೆಯನಿದ್ದ. ಅವನೂ ಅದೇ ರೈಲಿನಲ್ಲಿದ್ದ. ಗಾಣಗಾಪುರ ರೋಡ್ ಸ್ಟೇಶನ್ನಿನಲ್ಲಿ ಇವರು ಇಳಿದರು, ಪೆಟ್ಟಿಗೆ, ಪಾಸ್‌ಪೋರ್ಟು, ಟಿಕೀಟು ತೆಗೆದುಕೊಂಡು ಅವನು ಮುಂದೆ ಹೋದ. ಅವನು ಯಂತ್ರ ನೋಡಿಬಂದು ಎಲ್ಲ ಹೇಳಿದ ಮೇಲೆ, ತಾನೇ ವಿಲಾಯತಿ ಕಂಡುಬಂದವನ ಹಾಗೆ ಮನೆಗೆ ಬರುವುದೆಂದು ಒಪ್ಪಂದ.

"ಇನ್ನೊಂದೀಟು ದಿನ ತಡದಿದ್ರ ನಾನ ಬರ್ತಿದ್ದೆ," ಎಂದರು ಹೆಂಡತಿಗೆ. "ನೀ ಯಾಕ ಇಷ್ಟು ಅತ್ತೀದಿ?"

ಅವರಿಗೆ ಏನೂ ಗೊತ್ತಿಲ್ಲವೆಂದು ನನಗೆ ಆಗ ಹೊಳೆಯಿತು. ಆ ಓಣಿಗೆ ವರ್ತಮಾನಪತ್ರ ಬರುತ್ತಿರಲಿಲ್ಲ, ಇವರು ಓಣಿ ಬಿಟ್ಟು ಹೊರಬಿದ್ದಿರಲಿಲ್ಲ.

"ವಿಮಾನ ಸಮುದ್ರಕ್ಕ ಬಿತ್ತಲ್ರಿ," ಎಂದರು ಸೂಗಮ್ಮ. "ಸೋಮವಾರ ನನ್ನ ಬಳಿ ಒಡಸವರಿದ್ರು."

ಖಂಡೆಪ್ಪ ಗೋಡೆ ಹಿಡಿದುಕೊಂಡು ಕೂತರು. ಮುಖದಲ್ಲಿ ರಕ್ತವೇ ಇರಲಿಲ್ಲ. ತಾನು ಪಾರಾದದ್ದು ನೆನೆದು ಹೀಗಾಯಿತೆಂದು ಸೂಗಮ್ಮ ತಿಳಿದರು. ಅಂಜಬೇಡಿ, ನೀವು ಅದರಲ್ಲಿ ಇರಲಿಲ್ಲವಲ್ಲ ಎಂದು ಅವರ ಎದೆ ನೀವಿದರು. ಆಮೇಲೆ ಪಾರ್ವತೀಬಾಯಿಗೆ ಹೇಳಬೇಕೆಂದು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಕೆಳಗಿಳಿದರು. ಅಂಗಳದಲ್ಲಿ ಮೂವರು ಹೆಂಗಸರು ಒಟ್ಟಿಗೆ ನಕ್ಕದ್ದು ಕೇಳಿಸಿತು. ವಾರದ ಮೇಲೆ ಕೇಳಿದ ನಗು.

"ಯಾರೂ ಉಳದಿಲ್ಲೇನ್ರಿ?" ಎಂದು ಖಂಡೆಪ್ಪ ಪಿಸುಗುಟ್ಟಿದರು.

ಮೂವರ ಹೆಣ ಸಿಕ್ಕಿವೆ, ಉಳಿದವರ ಹೆಸರಿನಲ್ಲಿ ನಿಮ್ಮದೂ ಇದೆ, ಪತ್ತೆಯಿಲ್ಲ ಎಂದರು ಅಣವೀರಪ್ಪನವರು. ನಿಮ್ಮ ಹೆಸರು ಹೊತ್ತು ಹೋದವನು ಯಾರು ಎಂದು ಕೇಳಿದರು.

ಖಂಡೆಪ್ಪ ನನ್ನನ್ನೇ ನೋಡಿದರು. ಯಾಕೆ ನೋಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಹೊತ್ತು ಹೋಗುತ್ತದೆ, ಹೇಳಬಾರದೇ ಎಂದು ಗದರಿಸಲು ಬಾಯಿ ತೆರೆದೆ.

"ಅವರಿಗೆ ಸಮುದ್ರ ಆಚಿಕಿಂದು ನೋಡಬೇಕಾಗಿತ್ರಿ," ಎಂದರು. "ದಿನಾ ಸಂಜಿಕ ನಮ್ಮ ಕಟ್ಟಿಗಿ ಬಂದು ಅದ ಮಾತು. ದಾಟಿದ್ರ ಅವರ ಮಠದವರು ಪಂಕ್ತಿಯಿಂದ ಹೊರಗ ಹಾಕ್ತಾರ, ಗುಡಿ ಪೂಜಿ ತಪ್ಪಸ್ತಾರ. ನನ್ನ ಹೆಸರಿನ್ಯಾಗ ಹೋದ್ರ ಯಾರಿಗೂ ಗೊತ್ತಾಗಂಗಿಲ್ಲ ಅಂದ್ರು. ಅದಕ್ಕ ಮೀಸಿ ಬಿಟ್ಟಿದ್ರು. ಬಂಡು, ನಿಮ್ಮ ಭಾವನವರು ಪಂಢರಪುರಕ್ಕ ಹೋಗಿಲ್ಲಪಾ."

ನನಗೆ ಮಾತು ಕೇಳಿಸಿತು, ಅರ್ಥ ಒಳಗೆ ಇಳಿಯಲಿಲ್ಲ. ಇಳಿದ ಮೇಲೆ ಮೆಟ್ಟಿಲ ಕಡೆ ಹೊರಳಿದೆ. ಅಣವೀರಪ್ಪನವರು ನನ್ನ ಮೊಣಕೈ ಹಿಡಿದುಕೊಂಡರು. ಕೆಳಗೆ ನಗು ಇನ್ನೂ ನಿಂತಿರಲಿಲ್ಲ.

ಆಗ ಅಕ್ಕ ಮೆಟ್ಟಿಲು ಹತ್ತಿಬಂದಳು. ಹಣೆಯ ಕುಂಕುಮ ಬೆವರಿಗೆ ಸ್ವಲ್ಪ ಹರಡಿತ್ತು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ಖಂಡೆಪ್ಪನವರಿಗೆ ಕೈ ಮುಗಿದಳು. ದೇವರು ದೊಡ್ಡವನು, ಸೂಗಮ್ಮನ ಪುಣ್ಯ ದೊಡ್ಡದು ಎಂದಳು. ಖಂಡೆಪ್ಪ ತಲೆ ಎತ್ತಲಿಲ್ಲ.

ಅವಳು ಬಾಗಿಲಿಗೆ ಒರಗಿ ನಿಂತಳು. ನಗು ಮುಖದಿಂದ ಮೆಲ್ಲಗೆ ಇಳಿಯಿತು, ಕರುಣೆ ಬಂತು.

"ಹಂಗಾದ್ರ ಹೋದಂವ ಯಾರ ಮನ್ಯಾಂವನೋ, ಪಾಪ," ಎಂದಳು. "ಅವನ ಹೆಂಡ್ತಿಗೆ ಇನ್ನೂ ಏನೂ ಗೊತ್ತಿರಲಿಕ್ಕಿಲ್ಲ. ಕುಂಕುಮ ಹಚ್ಕೊಂಡು ಕೂತಿರ್ತಾಳ. ನೀ ಹೋಗಿ ಹೇಳೋ ಬಂಡು, ನೀ ಆದ್ರ ಮೆತ್ತಗ ಹೇಳ್ತೀದಿ. ಯಾರಂತ ಅವಳು?"